ರೊಕ್ಕಕ್ಕೆ ಎಷ್ಟು ಕೀಲಿ? ಆನ್‌ಲೈನ್ ಬ್ಯಾಂಕಿಂಗಿನ ಬಿಗಿ: ಪರ–ವಿರೋಧ

ಪಾಸ್‌ವರ್ಡ್, ಕ್ಯಾಪ್ಚಾ, ಒಟಿಪಿ, ಹೊಸ ಖಾತೆಗೆ ಒಂದು ದಿನದ ತಡೆ, ಸಿಮ್ಮಿಗೆ ಗಂಟು ಹಾಕಿದ ಆ್ಯಪ್. ಇಷ್ಟು ಬಿಗಿ ಬೇಕೇ? ಕೌಂಟರಿನ ಆಚೆಯ ಲೆಕ್ಕ ಬಲ್ಲವರೊಬ್ಬರು, ಕೌಂಟರಿನ ಈಚೆಯ ಪಾಳಿ ಬಲ್ಲವರೊಬ್ಬರು ಇಲ್ಲಿ ವಾದಕ್ಕೆ ನಿಂತಿದ್ದಾರೆ.

ಪರ: ಕಾಯಿಸುವುದೇ ಕೀಲಿಯ ಕೆಲಸ

ಶುಕ್ರವಾರ ಸಂಜೆ, ಇಂಡಿ. ಲಿಂಬೆಹಣ್ಣಿನ ಚೀಲಗಳು ಲಾರಿ ಏರಿವೆ. ಲಾರಿ ಹೊಸಬರದು, ಬಾಡಿಗೆ 48,000 ರೂಪಾಯಿ. ವ್ಯಾಪಾರಿ ನೆಟ್‌ಬ್ಯಾಂಕಿಂಗ್ ತೆರೆದು ಲಾರಿ ಮಾಲೀಕರ ಖಾತೆ ಸೇರಿಸಲು ಕೂತಿದ್ದಾರೆ. ಖಾತೆ ಸಂಖ್ಯೆ ಎರಡು ಸಲ, ಬ್ಯಾಂಕು, ಶಾಖೆ ಗುರುತಿಸುವ 11 ಅಕ್ಷರದ ಐಎಫ್‌ಎಸ್‌ಸಿ ಒಂದು ಸಲ, ಒಟಿಪಿ ಒಂದು ಸಲ. ಎಲ್ಲ ಆದ ಮೇಲೆ ಪರದೆ ಹೇಳುತ್ತದೆ: ಈ ಖಾತೆಗೆ 24 ಗಂಟೆಯ ನಂತರವೇ ಹಣ ಕಳಿಸಬಹುದು. ಹೊರಗೆ ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ. "ನಮ್ಮ ರೊಕ್ಕ ನಾವು ಕಳಸಾಕ ಇವರದೇನರೀ ಅಡ್ಡಿ?"

ಸಿಟ್ಟು ಬರುವುದು ಸಹಜ. ಆದರೂ ಆ 24 ಗಂಟೆ ಇರಲೇಬೇಕು.

ಕಳ್ಳ ಹೇಗೆ ಕೆಲಸ ಮಾಡುತ್ತಾನೆ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಆಮಂತ್ರಣವೆಂದೋ ಟ್ರಾಫಿಕ್ ದಂಡದ ಚೀಟಿಯೆಂದೋ ಒಂದು ಕಡತ ಬರುತ್ತದೆ. ಹೆಸರಿನ ಕೊನೆಗೆ 'ಎಪಿಕೆ' ಎಂದಿದ್ದರೆ ಅದು ಫೋಟೋ ಅಲ್ಲ, ಆ್ಯಪ್. ಒತ್ತಿದರೆ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಅಲ್ಲಿಂದ ಮುಂದೆ ಫೋನಿಗೆ ಬರುವ ಪ್ರತಿ ಒಟಿಪಿಯ ನಕಲು ಕಳ್ಳನಿಗೆ ಹೋಗುತ್ತದೆ. ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟದಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ಕೂಡ ಬರೆಸಿಕೊಂಡಿರುತ್ತಾನೆ. ಇಷ್ಟು ಸಿಕ್ಕ ಮೇಲೆ ಅವನ ಮೊದಲ ಕೆಲಸ ತನ್ನ ಖಾತೆಯನ್ನು ನಿಮ್ಮ ಪಟ್ಟಿಗೆ ಸೇರಿಸುವುದು. ಅಲ್ಲಿ ಅವನೂ ಲಿಂಬೆ ವ್ಯಾಪಾರಿಯ ಹಾಗೆಯೇ ನಿಲ್ಲುತ್ತಾನೆ. ಹೊಸ ಖಾತೆ ಸೇರಿದ ಸುದ್ದಿ ಮೊಬೈಲಿಗೂ ಇಮೇಲಿಗೂ ಹೋಗುತ್ತದೆ. ಅದನ್ನು ನೋಡಿ ಬ್ಯಾಂಕಿಗೆ ಫೋನ್ ಮಾಡಿ ನೆಟ್‌ಬ್ಯಾಂಕಿಂಗ್ ಬಂದ್ ಮಾಡಿಸಲು ಖಾತೆದಾರನಿಗೆ ಒಂದು ಹಗಲು, ಒಂದು ರಾತ್ರಿ ಸಿಗುತ್ತವೆ. ಕಳ್ಳನಿಗೆ ಪಾಸ್‌ವರ್ಡ್ ಸಿಗುವುದು ಅಂಥ ಕಷ್ಟವಲ್ಲ, ಪುರುಸೊತ್ತು ಸಿಗುವುದು ಕಷ್ಟ.

ತಡೆ ಇಲ್ಲದಿದ್ದರೆ? ಹಣ ಮೊದಲು ಬಾಡಿಗೆ ಖಾತೆಯೊಂದಕ್ಕೆ ಬೀಳುತ್ತದೆ. ಕಮಿಷನ್ ಆಸೆಗೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಇನ್ನೊಬ್ಬರ ಕೈಗೆ ಕೊಟ್ಟ ಯಾರದೋ ಖಾತೆ ಅದು. ಅಲ್ಲಿಂದ ನಾಲ್ಕಾರು ಕಡೆ ಚೂರಾಗಿ, ಬೇರೆ ರಾಜ್ಯದ ಎಟಿಎಂಗಳಲ್ಲಿ ನೋಟಾಗಿ ಹೊರಬೀಳುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಆಗುವುದು ಇಷ್ಟೇ: ದೂರು ದಾಖಲಾಗಿ ಹಣ ಹೋದ ಬ್ಯಾಂಕಿಗೆ ಸಂದೇಶ ಮುಟ್ಟುತ್ತದೆ, ಆ ಬ್ಯಾಂಕು ಖಾತೆಯಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತದೆ. ತೆಗೆದದ್ದು ಹೋಯಿತು. ಅಲ್ಲಿ ನಿಮಿಷಕ್ಕೆ ಬೆಲೆಯಿದೆ. ಇಲ್ಲಿ ಬ್ಯಾಂಕು ಬಿಟ್ಟಿಯಾಗಿ 1,440 ನಿಮಿಷ ಕೊಡುತ್ತಿದೆ, ನಾವು ಬೈಯುತ್ತಿದ್ದೇವೆ.

ಖಾತೆ ಸಂಖ್ಯೆಯನ್ನು ಎರಡು ಸಲ ಬರೆಸುವುದು, ಎರಡನೇ ಸಲ ಪೇಸ್ಟ್ ಮಾಡಗೊಡದಿರುವುದು ಬಹಳ ಮಂದಿಗೆ ಕಿರಿಕಿರಿ. ಕಾರಣ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಸಾಗಿಸುವ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ. ನೀವು ಹೆಸರಿನ ಜಾಗದಲ್ಲಿ ಏನು ಬರೆದರೂ ಆಚೆ ಬ್ಯಾಂಕಿನ ಯಂತ್ರ ಅದನ್ನು ತಾಳೆ ನೋಡುವುದಿಲ್ಲ. ಒಂದು ಅಂಕಿ ಆಚೀಚೆಯಾಗಿ, ಆ ಸಂಖ್ಯೆಯ ಖಾತೆ ನಿಜಕ್ಕೂ ಇದ್ದರೆ ಹಣ ಅವರದು. ವಾಪಸು ಬರಬೇಕಾದರೆ ಅವರು ಒಪ್ಪಬೇಕು. ಒಪ್ಪದಿದ್ದರೆ ಪೊಲೀಸು, ಕೋರ್ಟು. 2025ರ ಏಪ್ರಿಲ್ 1ರ ಹೊತ್ತಿಗೆ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಆ ಗುಂಡಿ ಒತ್ತದೆ ಮುಂದೆ ಹೋಗಬೇಡಿ. ಐಎಫ್‌ಎಸ್‌ಸಿಯಲ್ಲಿ ಮೊದಲ ನಾಲ್ಕು ಬ್ಯಾಂಕಿನ ಅಕ್ಷರ, ಕೊನೆಯ ಆರು ಶಾಖೆಯ ಗುರುತು. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರ ಒತ್ತಿ, "ಕೋಡ್ ತಗೊಳ್ಳವಲ್ದು" ಎಂದು ಶಾಖೆಗೆ ಬರುವವರಿಗೆ ಲೆಕ್ಕವಿಲ್ಲ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಹಳೆಯ ಕೋಡ್‌ಗಳು ಸತ್ತಿವೆ. ನಮ್ಮ ಕಡೆಯ ಹಳೆಯ ಬಿಲ್ ಪುಸ್ತಕಗಳಲ್ಲಿ ಮಾತ್ರ ಅವು ಇನ್ನೂ ಜೀವಂತ.

ಉಳಿದವನ್ನು ಬೇಗ ಹೇಳಿಬಿಡಬಹುದು. ಪರದೆಯ ಮೇಲಿನ ಕೀಲಿಮಣೆ ಬಂದದ್ದು ಸೈಬರ್ ಕೆಫೆಯ ಕಾಲದಲ್ಲಿ, ಒತ್ತಿದ ಅಕ್ಷರಗಳನ್ನು ಕದ್ದು ಬರೆದುಕೊಳ್ಳುವ ತಂತ್ರಾಂಶಕ್ಕೆ ಮದ್ದಾಗಿ. ಐದು ನಿಮಿಷ ಸುಮ್ಮನಿದ್ದರೆ ಲಾಗೌಟ್ ಆಗುವುದು ಆನ್‌ಲೈನ್ ಸೆಂಟರಿನಲ್ಲಿ ಖಾತೆ ತೆರೆದಿಟ್ಟು ಚಹಾಕ್ಕೆ ಹೋಗುವವರಿಗಾಗಿ. ಯುಪಿಐ ಆ್ಯಪ್ ನೋಂದಣಿಯ ಹೊತ್ತಿಗೆ ನಿಮ್ಮ ಫೋನಿನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಕಳಿಸುತ್ತದಲ್ಲ, ಆ ಸಿಮ್ ಈ ಫೋನಿನಲ್ಲೇ ಇದೆ ಎಂಬುದಕ್ಕೆ ಅದು ಸಾಕ್ಷಿ. ಪಿನ್ ಕದ್ದವನು ಸಾವಿರ ಕಿಲೋಮೀಟರ್ ದೂರ ಕೂತು ಏನೂ ಮಾಡಲಾರ. ಸಿಮ್ ಕಳೆದು ಹೊಸದು ತಂದಾಗ 24 ಗಂಟೆ ಎಸ್‌ಎಂಎಸ್ ನಿಲ್ಲುವುದೂ ಇದೇ ಜಾತಿಯದು. ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದವನಿಗೆ ಮೊದಲ ದಿನವೇ ಒಟಿಪಿ ಸಿಗಬಾರದು.

2009ರ ಆಗಸ್ಟ್ 1ಕ್ಕಿಂತ ಮೊದಲು ಇಂಟರ್‌ನೆಟ್ಟಿನಲ್ಲಿ ಕಾರ್ಡ್ ಬಳಸಲು ಕಾರ್ಡಿನ ಮೇಲೆ ಅಚ್ಚಾಗಿದ್ದ ಸಂಖ್ಯೆ, ತಾರೀಖು, ಹಿಂದಿನ ಮೂರು ಅಂಕಿ ಸಾಕಾಗುತ್ತಿದ್ದವು. ಹೋಟೆಲಿನಲ್ಲಿ ಬಿಲ್ಲಿಗೆಂದು ಕಾರ್ಡ್ ಒಯ್ದವನು ಎರಡು ಫೋಟೋ ಹೊಡೆದರೆ ಮುಗಿಯಿತು. ಅಂದಿನಿಂದ ಎರಡನೆಯ ಗುರುತು ಕಡ್ಡಾಯವಾಯಿತು. ಹೊರದೇಶದ ಎಷ್ಟೋ ಜಾಲತಾಣಗಳು ಇಂದಿಗೂ ಒಟಿಪಿ ಕೇಳುವುದಿಲ್ಲ. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ, ಅಂಗಡಿ ಯಂತ್ರಕ್ಕಷ್ಟೇ ತೆರೆದುಕೊಂಡು ಬರುವುದು ಅದಕ್ಕೇ. ವಿದೇಶಿ ಬಳಕೆ ಬೇಕಾದಾಗ ಆ್ಯಪಿನಲ್ಲಿ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಬಿಗಿ ಎಲ್ಲ ಕಡೆ ಒಂದೇ ಸಮ ಇದೆ ಎಂಬುದೂ ತಪ್ಪು. ಚಹಾ, ಕಾಯಿಪಲ್ಯೆಗೆ ಯುಪಿಐ ಲೈಟ್ ಇದೆ: ಒಂದು ಸಲಕ್ಕೆ 1,000 ರೂಪಾಯಿವರೆಗೆ, ಒಳಗೆ 5,000 ಇಟ್ಟುಕೊಳ್ಳಬಹುದು, ಪಿನ್ ಬೇಡ. ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ 5,000ದವರೆಗೆ ಪಿನ್ ಕೇಳುವುದಿಲ್ಲ. ಹಳೆಯ ಖಾತೆಗೆ ಕಳಿಸುವಾಗ ಕಾಯಬೇಕಿಲ್ಲ. ಹೊಸ ಖಾತೆ, ದೊಡ್ಡ ಮೊತ್ತ, ಹೊಸ ಫೋನ್: ಬಿಗಿ ಹೆಚ್ಚುವುದು ಈ ಮೂರು ಕಡೆ.

ಇನ್ನು 'ಸರ್ವರ್ ಡೌನ್'. 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಮುಗ್ಗರಿಸಿತು. ಹಾಗಾದಾಗ ಎಲ್ಲರೂ ಬೈಯುವುದು ಒಟಿಪಿಗೆ, ಪಿನ್ನಿಗೆ. ಏಪ್ರಿಲಿನಲ್ಲಿ ಆದದ್ದೇ ಬೇರೆ. 'ಆ ಹಣ ಹೋಯಿತೇ, ಇಲ್ಲವೇ' ಎಂದು ಬ್ಯಾಂಕುಗಳ ಯಂತ್ರಗಳು ಮೇಲಿಂದ ಮೇಲೆ ವಿಚಾರಿಸಿ ನಡುವಿನ ವ್ಯವಸ್ಥೆಯ ಉಸಿರು ಕಟ್ಟಿಸಿದ್ದವು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂಬ ಮಿತಿ ಬಂದದ್ದು ಇಂಥ ಹೊರೆ ಇಳಿಸಲಿಕ್ಕೆ. (ದಿನಕ್ಕೆ 50 ಸಲ ಬ್ಯಾಲೆನ್ಸ್ ನೋಡುವವರ ಖಾತೆಯಲ್ಲಿ ಎಷ್ಟಿರುತ್ತದೋ ದೇವರೇ ಬಲ್ಲ.) ದಾರಿ ಕುಸಿದದ್ದಕ್ಕೆ ಮನೆಯ ಕೀಲಿ ಒಡೆಯುವುದು ಯಾವ ಲೆಕ್ಕ?

ಕೊನೆಗೆ, ತಕರಾರು ಬಂದಾಗ ಈ ಬಿಗಿಯೇ ಗ್ರಾಹಕನ ಸಾಕ್ಷಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಸುದ್ದಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಸೊನ್ನೆ ನಷ್ಟ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹೆಚ್ಚೆಂದರೆ 10,000, ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯಲ್ಲಿ 5,000. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು. ಗ್ರಾಹಕನದೇ ತಪ್ಪು ಎಂದು ಸಾಧಿಸುವ ಹೊಣೆ ಬ್ಯಾಂಕಿನದು. ಯಾವ ಫೋನಿನಿಂದ, ಎಷ್ಟು ಗಂಟೆಗೆ, ಯಾವ ಒಟಿಪಿ ಎಂಬ ದಾಖಲೆಯೇ ಇಲ್ಲದಿದ್ದರೆ ಎರಡೂ ಕಡೆ ಬರೀ ಬಾಯಿಮಾತು.

ಲಿಂಬೆ ವ್ಯಾಪಾರಿಗೆ ಒಂದೇ ಸಲಹೆ. ವರ್ಷವಿಡೀ ಬರುವ ಲಾರಿ ಮಾಲೀಕರು, ಚೀಲದವರು, ಹಮಾಲರ ಮುಕದ್ದಮರ ಖಾತೆಗಳನ್ನು ಹಂಗಾಮಿಗೆ ಮೊದಲೇ ಸೇರಿಸಿ, ಒಬ್ಬೊಬ್ಬರಿಗೂ 1 ರೂಪಾಯಿ ಕಳಿಸಿ ಮುಟ್ಟಿತೇ ಎಂದು ಕೇಳಿಟ್ಟುಕೊಳ್ಳಿ. ಶುಕ್ರವಾರದ ಲಾರಿಗೆ ಬುಧವಾರವೇ ದಾರಿ ಮಾಡಿಕೊಂಡವರು ಹಾರ್ನ್ ಕೇಳಿ ಬೆವರುವುದಿಲ್ಲ.

ವಿರೋಧ: ಹತ್ತು ಬಾಗಿಲು, ಚಾವಿ ಒಂದೇ

ಶುಕ್ರವಾರದ ಲಾರಿಗೆ ಬುಧವಾರವೇ ಖಾತೆ ಸೇರಿಸಿ ಎನ್ನುವವರು ಒಂದು ಸಂಜೆ ಇಂಡಿ ಮಾರುಕಟ್ಟೆಯಲ್ಲಿ ನಿಲ್ಲಬೇಕು. ಇವತ್ತು ಯಾವ ಲಾರಿ ಸಿಗುತ್ತದೆಂದು ಮಧ್ಯಾಹ್ನ ಮೂರರವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಹೋಗಲಿ, 24 ಗಂಟೆಯ ತಡೆ ಎದುರಾದಾಗ ವ್ಯಾಪಾರಿ ನಿಜವಾಗಿ ಏನು ಮಾಡುತ್ತಾರೆ? ನೆಟ್‌ಬ್ಯಾಂಕಿಂಗ್ ಮುಚ್ಚಿ, ಫೋನಿನಲ್ಲಿ ಯುಪಿಐ ತೆರೆದು, ಲಾರಿ ಮಾಲೀಕರ ನಂಬರ್ ಒತ್ತಿ 48,000 ಕಳಿಸುತ್ತಾರೆ. ಹತ್ತು ಸೆಕೆಂಡಿನ ಕೆಲಸ. ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಹೀಗೆ ಹೋಗುತ್ತದೆ, ಹೊಸಬರೆಂದು ಯಾರೂ ತಡೆಯುವುದಿಲ್ಲ. ಅದೇ ಬ್ಯಾಂಕು, ಅದೇ ಖಾತೆ, ಅದೇ ರೊಕ್ಕ. ಹಿತ್ತಲ ಬಾಗಿಲಿಗೆ ಮೂರು ಕೀಲಿ ಜಡಿದು ತಲೆಬಾಗಿಲಿಗೆ ಚಿಲಕ ಹಾಕಿದ ಹಾಗಾಯಿತು. ವ್ಯಾಪಾರಿಗೆ ತಿಳಿದ ಈ ದಾರಿ ಕಳ್ಳನಿಗೆ ತಿಳಿದಿಲ್ಲವೇ?

ಕೀಲಿಗಳು ಬಹಳ ಇವೆ ಎಂಬುದೇ ಭ್ರಮೆ. ಯೂಸರ್ ಐಡಿ ಮರೆತರೆ ಒಟಿಪಿ. ಪಾಸ್‌ವರ್ಡ್ ಮರೆತರೆ ಕಾರ್ಡಿನ ವಿವರ, ಮತ್ತೆ ಒಟಿಪಿ. ಯುಪಿಐ ಪಿನ್ ಮರೆತರೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿಯ ತಿಂಗಳು–ವರ್ಷ, ಮತ್ತದೇ ಒಟಿಪಿ. ಆಧಾರ್‌ ಮೂಲಕ ಹೋದರೂ ಒಟಿಪಿ. ತಿರುಗಿ ತಿರುಗಿ ಎಲ್ಲವೂ ಹತ್ತು ಅಂಕಿಯ ಒಂದೇ ಮೊಬೈಲ್ ನಂಬರಿಗೆ ಬಂದು ನಿಲ್ಲುತ್ತವೆ. ಆ ನಂಬರು ಕೈಯಲ್ಲಿದ್ದವನಿಗೆ ಹತ್ತೂ ಬಾಗಿಲು ತೆರೆದಂತೆ, ಇಲ್ಲದವನಿಗೆ ತನ್ನ ಮನೆಯೇ ಬಂದ್. ಮೇಲಿನ ಬರಹದಲ್ಲೇ ನೋಡಿ: ಎಪಿಕೆ ಒಂದು ಮೆಸೇಜ್ ಓದತೊಡಗಿದರೆ ಸಾಕು, ಎಲ್ಲ ಬಿಗಿಯೂ ಬಿಚ್ಚಿಕೊಳ್ಳುತ್ತದೆ.

ಆ ನಂಬರು ಯಾರ ಜೇಬಿನಲ್ಲಿದೆ? ರಬಕವಿ–ಬನಹಟ್ಟಿಯ ಯಾವುದೇ ನೇಕಾರರ ಓಣಿಗೆ ಹೋಗಿ ಕೇಳಿ. ಖಾತೆ ತಾಯಿಯದು, ಗೃಹಲಕ್ಷ್ಮಿಯ 2,000 ಬರುವುದೂ ಅದಕ್ಕೇ. ಖಾತೆ ತೆರೆಯುವ ದಿನ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್, ಮಗನದು. ಫಾರ್ಮಿನಲ್ಲಿ ಅದೇ ನಂಬರ್ ಬಿತ್ತು. ಮಗ ಈಗ ಪುಣೆಯಲ್ಲಿ ಪಾಳಿ ಕೆಲಸದಲ್ಲಿದ್ದಾನೆ, ಕಾರ್ಖಾನೆಯ ಗೇಟಿನಲ್ಲೇ ಫೋನ್ ಇಟ್ಟು ಒಳಗೆ ಹೋಗಬೇಕು. ತಾಯಿ ಆನ್‌ಲೈನ್ ಸೆಂಟರಿನಲ್ಲಿ ಕೂತಿದ್ದಾಳೆ, ಒಟಿಪಿ ಪುಣೆಯ ಗೇಟಿನ ಲಾಕರಿನಲ್ಲಿ ಮಿನುಗಿ ಆರಿಹೋಗುತ್ತದೆ. ಸಂಜೆ ಅವನಿಗೆ ಬಿಡುವಾದಾಗ ಮತ್ತೆ ತರಿಸಬೇಕು. ಅವನು ಫೋನಿನಲ್ಲಿ ಆರು ಅಂಕಿ ಹೇಳುತ್ತಾನೆ, ಸೆಂಟರಿನವನು ಒತ್ತುತ್ತಾನೆ. 'ಒಟಿಪಿಯನ್ನು ಯಾರಿಗೂ ಹೇಳಬೇಡಿ' ಎಂಬ ಬೋರ್ಡು ಅದೇ ಸೆಂಟರಿನ ಗೋಡೆಯ ಮೇಲಿದೆ. ಅದನ್ನು ಮುರಿಯದೆ ಈ ಮನೆಯ ಒಂದು ಕೆಲಸವೂ ಆಗುವುದಿಲ್ಲ. ನಾಳೆ ಏನಾದರೂ ಎಡವಟ್ಟಾದರೆ, ಅದೇ 2017ರ ಸುತ್ತೋಲೆಯ ಇನ್ನೊಂದು ಸಾಲು ಎದುರಿಗೆ ಬರುತ್ತದೆ: ಗುಟ್ಟಿನ ಸಂಖ್ಯೆಯನ್ನು ಹಂಚಿಕೊಂಡದ್ದು ಗ್ರಾಹಕನ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಕೌಂಟರಿನ ಆಚೆಯಿಂದ ನೋಡಿದರೆ ಈ ಸಾಲು ಕಾಣುವುದಿಲ್ಲವೇನೋ.

ಮಗ ನಂಬರ್ ಬದಲಿಸಿದರೆ ಕಥೆ ಇನ್ನೊಂದು. 90 ದಿನ ಬಳಸದ ಸಿಮ್ ಬಂದ್ ಆಗಬಹುದು, ಕೆಲಕಾಲದ ನಂತರ ಅದೇ ನಂಬರ್ ಬೇರೆಯವರಿಗೆ ಸಿಗುತ್ತದೆ. ತಾಯಿಯ ಒಟಿಪಿ ಗುರುತಿಲ್ಲದವರ ಫೋನಿನಲ್ಲಿ ಬೀಳತೊಡಗುತ್ತದೆ. ಮಾಡಬೇಕಾದ್ದು ಇಷ್ಟು: ಖಾತೆದಾರಳೇ ಪಾಸ್‌ಬುಕ್, ಆಧಾರ್ ಹಿಡಿದು ತನ್ನ ಶಾಖೆಗೆ ಹೋಗಿ ನಂಬರ್ ಬದಲಾವಣೆಯ ಅರ್ಜಿ ಕೊಡಬೇಕು. ಆಧಾರ್‌ನಲ್ಲಿರುವ ನಂಬರ್ ಬೇರೆ, ಬ್ಯಾಂಕಿನಲ್ಲಿರುವ ನಂಬರ್ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಇದನ್ನು ತಿಳಿಯದೆ ಆಧಾರ್ ಕೇಂದ್ರಕ್ಕೂ ಬ್ಯಾಂಕಿಗೂ ಓಡಾಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಫೋನ್ ಸ್ವಂತದ್ದೇ ಆದರೂ "ಒಟಿಪಿ ಬರವಲ್ದು" ತಪ್ಪಿದ್ದಲ್ಲ. ಬ್ಯಾಂಕಿನಿಂದ ಹೊರಟ ಮೆಸೇಜು ನೇರ ಫೋನಿಗೆ ಬರುವುದಿಲ್ಲ. ನಡುವೆ ಮೆಸೇಜ್ ಸಾಗಿಸುವ ಕಂಪನಿ, ಆಮೇಲೆ ಮೊಬೈಲ್ ಕಂಪನಿಯ ತಪಾಸಣೆ. ಕಳಿಸಿದವರ ಹೆಸರು ನೋಂದಣಿಯಾಗಿದೆಯೇ, ವಾಕ್ಯ ಮೊದಲೇ ಒಪ್ಪಿಸಿದ ಮಾದರಿಯಂತೆಯೇ ಇದೆಯೇ ಎಂದು ಯಂತ್ರ ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ಕಸದಬುಟ್ಟಿಗೆ. 2021ರ ಮಾರ್ಚ್ 8ರಂದು ಈ ತಪಾಸಣೆ ಬಿಗಿಯಾದಾಗ ದೇಶದ ತುಂಬ ಒಟಿಪಿಗಳು ಉದುರಿಹೋದವು, ಮರುದಿನವೇ ದೂರಸಂಪರ್ಕ ನಿಯಂತ್ರಕ ಟ್ರಾಯ್ ಏಳು ದಿನದ ಮಟ್ಟಿಗೆ ಅದನ್ನು ನಿಲ್ಲಿಸಬೇಕಾಯಿತು. ಎಸ್‌ಎಂಎಸ್ ಎಂಬುದೇ ಇಟ್ಟು–ಕಳಿಸುವ ಅಂಚೆಯಂಥದ್ದು. ಫೋನ್ ಸಿಗದಿದ್ದರೆ ಕಾಯುತ್ತದೆ, ಸಿಕ್ಕಾಗ ಬರುತ್ತದೆ, ಇಷ್ಟೇ ಹೊತ್ತಿಗೆ ಮುಟ್ಟುತ್ತದೆಂಬ ಖಾತ್ರಿ ಅದರ ಹುಟ್ಟಿನಲ್ಲೇ ಇಲ್ಲ. ಅಂಥದ್ದರ ತಲೆಯ ಮೇಲೆ ಐದು ನಿಮಿಷದ ಗಡಿಯಾರ ಇಟ್ಟಿದ್ದೇವೆ.

ಬರದಿದ್ದಾಗ ಎಲ್ಲರೂ ಮಾಡುವ ತಪ್ಪು, 'ಮತ್ತೆ ಕಳಿಸಿ' ಎಂಬುದನ್ನು ಪಟಪಟ ಒತ್ತುವುದು. ಸಾಮಾನ್ಯವಾಗಿ ಹೊಸದು ಹುಟ್ಟಿದಾಗ ಹಳೆಯದು ಸಾಯುತ್ತದೆ. ಮೂರು ಸಲ ಒತ್ತಿದರೆ ತಡವಾಗಿ ಮೊದಲನೆಯದು ಬರುತ್ತದೆ, ಅದನ್ನು ಹಾಕಿದರೆ 'ತಪ್ಪು' ಎನ್ನುತ್ತದೆ. ಎಷ್ಟೋ ಬ್ಯಾಂಕುಗಳಲ್ಲಿ ಮೂರು ತಪ್ಪಿಗೆ ಖಾತೆಯ ಆನ್‌ಲೈನ್ ಬಾಗಿಲು ಒಂದು ದಿನ ಬಂದ್. ಒಂದು ಸಲ ಒತ್ತಿ ಸುಮ್ಮನಿರಿ. ಬರದಿದ್ದರೆ ಏರೋಪ್ಲೇನ್ ಗುರುತನ್ನು ಹತ್ತು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ, ಫೋನು ಟವರಿಗೆ ಹೊಸದಾಗಿ ಹೆಸರು ಹೇಳಿಕೊಳ್ಳಲಿ. ಹಳೆಯ ಫೋನಾದರೆ ಜಾಗ ತುಂಬಿರಬಹುದು, ಹಳೆಯ ಮೆಸೇಜುಗಳನ್ನು ಅಳಿಸಿ. ಮೆಸೇಜ್ ಆ್ಯಪಿನ 'ಸ್ಪ್ಯಾಮ್' ಪೆಟ್ಟಿಗೆಯನ್ನೂ ತೆರೆದು ನೋಡಿ.

ಆ್ಯಪಿನ ಕಾಟ ಬೇರೆಯೇ. ಎರಡು ಸಿಮ್ಮಿನ ಫೋನಿನಲ್ಲಿ ನೋಂದಣಿಯ ಎಸ್‌ಎಂಎಸ್ ತಪ್ಪು ಸಿಮ್ಮಿನಿಂದ ಹೊರಟರೆ 'ಪರಿಶೀಲನೆ ವಿಫಲ' ಎಂದಷ್ಟೇ ಬರುತ್ತದೆ, ಯಾಕೆಂದು ಹೇಳುವುದಿಲ್ಲ. ಹೊರಹೋಗುವ ಎಸ್‌ಎಂಎಸ್ ಇಲ್ಲದ ಅಗ್ಗದ ರೀಚಾರ್ಜ್ ಇದ್ದರೂ ಇದೇ ಫಲ. ಫೋನ್ ರಿಪೇರಿಗೆ ಕೊಟ್ಟಾಗ ಅಂಗಡಿಯವರು 'ಡೆವಲಪರ್ ಆಯ್ಕೆ', 'ಯುಎಸ್‌ಬಿ ಡಿಬಗ್ಗಿಂಗ್' ಆನ್ ಮಾಡಿ ಹಾಗೇ ಬಿಟ್ಟಿರುತ್ತಾರೆ. ಮನೆಗೆ ತಂದ ಮೇಲೆ ಬ್ಯಾಂಕಿನ ಆ್ಯಪ್ 'ನಿಮ್ಮ ಸಾಧನ ಸುರಕ್ಷಿತವಲ್ಲ' ಎಂದು ಮುಚ್ಚಿಕೊಳ್ಳುತ್ತದೆ. ಸೆಟ್ಟಿಂಗ್ಸಿನಲ್ಲಿ, ಸಾಮಾನ್ಯವಾಗಿ 'ಸಿಸ್ಟಮ್' ಒಳಗೆ, ಡೆವಲಪರ್ ಆಯ್ಕೆಯನ್ನು ಆಫ್ ಮಾಡಿದರೆ ಸರಿಹೋಗುತ್ತದೆ. ಹತ್ತು ಸೆಕೆಂಡಿನ ಪರಿಹಾರ, ಆದರೆ ಆ ಮಾತನ್ನು ಆ್ಯಪಿನ ಪರದೆ ಹೇಳಬೇಕಿತ್ತು. ಅದು ಹೇಳದ್ದಕ್ಕೆ ಜನ ಹೊಸ ಫೋನ್ ಕೊಂಡದ್ದುಂಟು. ಹೊಸ ಫೋನ್ ಕೊಂಡರೆ ಮೊದಲ 24 ಗಂಟೆ ಯುಪಿಐನಲ್ಲಿ 5,000ದ ಮಿತಿ!

ಬೆರಳಿನ ವಿಷಯ. ಕಬ್ಬು ಕಡಿಯುವವರ, ಮಗ್ಗದವರ, ಪಾತ್ರೆ ತಿಕ್ಕುವವರ ಬೆರಳಿನ ಗೆರೆ ಸವೆದಿರುತ್ತವೆ. ಆಧಾರ್ ಹೆಬ್ಬೆಟ್ಟಿನ ಯಂತ್ರದಲ್ಲಿ ಒಂದು ಸಲಕ್ಕೆ 10,000ದವರೆಗೆ ತೆಗೆಯಬಹುದು. ಆದರೆ ಬೆರಳು ಒರೆಸಿ, ಒದ್ದೆ ಮಾಡಿ, ಬೇರೆ ಬೆರಳಿಟ್ಟು ನಾಲ್ಕು ಸಲ ಯತ್ನಿಸಿದರೂ ಯಂತ್ರ ಒಪ್ಪುವುದಿಲ್ಲ. ಅದೇ ಯಂತ್ರವನ್ನು ಸಿಲಿಕೋನಿನ ನಕಲಿ ಬೆರಳಚ್ಚಿನಿಂದ ವಂಚಕರು ಏಮಾರಿಸಿದ ಪ್ರಕರಣಗಳು ದೇಶದಲ್ಲಿ ನಡೆದಿವೆ. ಅದಕ್ಕೆ ಪರಿಹಾರವಾಗಿ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ, ಹಾಕಿಕೊಳ್ಳುವುದು ಒಳ್ಳೆಯದೇ. ಹಾಕಿಕೊಳ್ಳಲು ಏನು ಬೇಕು ಅಂದಿರಿ? ಒಟಿಪಿ.

ತಿಂಗಳುಗಳ ಲೆಕ್ಕದಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕೆಂಬ ಪದ್ಧತಿಯಿಂದ ಪ್ರಯೋಜನವಿಲ್ಲವೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು. ಕದ್ದುಹೋದ ಗುಮಾನಿ ಇದ್ದಾಗ ಬದಲಿಸಿ, ಸುಮ್ಮಸುಮ್ಮನೆ ಬೇಡ, ಪೇಸ್ಟ್ ಮಾಡಲು ಬಿಡಿ ಎಂಬುದು ಅದರ ಸಲಹೆ. ನಮ್ಮ ಕಡೆ ಇನ್ನೂ ಹಳೆಯದೇ ನಡೆದಿದೆ. ಫಲವಾಗಿ ಪಾಸ್‌ವರ್ಡು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ. ಕ್ಯಾಪ್ಚಾದ ಸೊಟ್ಟ ಅಕ್ಷರ ಕಣ್ಣು ಮಂಜಾದವರಿಗೆ ಕಾಣುವುದಿಲ್ಲ ಎಂಬುದು ಇನ್ನೊಂದು. ಡಿಜಿಟಲ್ ಸೇವೆ ಎಲ್ಲರ ಕೈಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಕಾಯಿಸುವುದೇ ಕೀಲಿ ಎಂಬ ವಾದಕ್ಕೆ ಉತ್ತರ 'ಡಿಜಿಟಲ್ ಅರೆಸ್ಟ್'. ಪೊಲೀಸ್ ವೇಷದವನು ವಿಡಿಯೋ ಕಾಲ್‌ನಲ್ಲಿ ದಿನಗಟ್ಟಲೆ ಹೆದರಿಸಿ ಕೂರಿಸುತ್ತಾನೆ. ನಿವೃತ್ತರೊಬ್ಬರು ಠೇವಣಿ ಮುರಿಸಿ, ತಾವೇ ಖಾತೆ ಸೇರಿಸಿ, ತಾವೇ 24 ಗಂಟೆ ಕಾದು, ತಾವೇ ಒಟಿಪಿ ಒತ್ತಿ ಕಳಿಸುತ್ತಾರೆ. ಒಂದು ಕೀಲಿಯೂ ಒಡೆದಿರುವುದಿಲ್ಲ. ಇಲ್ಲಿ ಎಚ್ಚರಿರಬೇಕಾದದ್ದು ಬ್ಯಾಂಕಿನ ಯಂತ್ರ. ಹತ್ತು ವರ್ಷದಲ್ಲಿ ಪಿಂಚಣಿ, ಔಷಧ, ಕರೆಂಟ್ ಬಿಲ್ಲು ಬಿಟ್ಟು ಬೇರೇನೂ ಕಾಣದ ಖಾತೆಯಿಂದ ಒಮ್ಮೆಲೆ ಲಕ್ಷಗಳು ಹೊಸ ಖಾತೆಗೆ ಹೊರಟಾಗ ನಿಲ್ಲಿಸಿ ಕೇಳಬೇಕು. ಆಚೆ ಬದಿಯಲ್ಲಿ ನೂರಿನ್ನೂರು ಇದ್ದ ಖಾತೆಗೆ ಬೆಳಗಿನಿಂದ ಹತ್ತು ಊರಿನ ರೊಕ್ಕ ಬೀಳುತ್ತಿದ್ದರೆ ಅಲ್ಲಿ ತಡೆಯಬೇಕು. ದಿನಾ ವಹಿವಾಟು ಮಾಡುವ ಲಿಂಬೆ ವ್ಯಾಪಾರಿಯನ್ನು ಅಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್ 25ರಂದು ಹೊರಡಿಸಿ 2026ರ ಏಪ್ರಿಲ್ 1ಕ್ಕೆ ಜಾರಿಯ ದಿನ ಇಟ್ಟ ನಿರ್ದೇಶನಗಳು ಈ ದಿಕ್ಕಿಗೇ ಬೆರಳು ತೋರಿಸುತ್ತವೆ. ಎರಡು ಗುರುತು ಇರಲೇಬೇಕು, ಆದರೆ ಎಸ್‌ಎಂಎಸ್ ಒಟಿಪಿಯೇ ಆಗಬೇಕೆಂದಿಲ್ಲ. ವಹಿವಾಟಿನ ಅಪಾಯ ಅಳೆದು ಹೆಚ್ಚಿನ ತಪಾಸಣೆ ಮಾಡಬಹುದು. ನಿಯಮ ಪಾಲಿಸದೆ ನಷ್ಟವಾದರೆ ಬ್ಯಾಂಕು ಪೂರ್ತಿ ತುಂಬಿಕೊಡಬೇಕು. ಫೋನಿನೊಳಗೇ 30 ಸೆಕೆಂಡಿಗೊಮ್ಮೆ ಹೊಸ ಅಂಕಿ ಹುಟ್ಟಿಸುವ ಆ್ಯಪ್‌ಗಳು ಎಷ್ಟೋ ವರ್ಷಗಳಿಂದ ಇವೆ. ಅವಕ್ಕೆ ಟವರೂ ಬೇಡ, ನೆಟ್ಟೂ ಬೇಡ. ಬಾದಾಮಿಯ ಗುಡ್ಡದ ಮರೆಯಲ್ಲೂ ಅಂಕಿ ಬರುತ್ತದೆ.

ಸರ್ವರ್ ಬಿದ್ದದ್ದಕ್ಕೂ ಕೀಲಿಗೂ ಸಂಬಂಧವಿಲ್ಲವಂತೆ. ಕಳೆದುಕೊಳ್ಳುವವರಿಗೆ ಎರಡೂ ಒಂದೇ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ಇಲ್ಲಿ ಕಡಿತವಾಗಿ ಅಲ್ಲಿ ಮುಟ್ಟದಿದ್ದರೆ ಮರುದಿನದೊಳಗೆ ವಾಪಸು ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಅಥವಾ ಎಟಿಎಂನಿಂದ ನೋಟು ಬರದೆ ಕಡಿತವಾಗಿದ್ದರೆ 5 ದಿನ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕ ಕೇಳಲಿ ಬಿಡಲಿ. ಈ 100 ರೂಪಾಯಿ ಕೇಳಿ ಪಡೆದವರನ್ನು ಹುಡುಕಿ ನೋಡಿ. ಕೇಳುವುದಾದರೆ ಆ್ಯಪಿನ ಇತಿಹಾಸದಲ್ಲಿ ಆ ವಹಿವಾಟನ್ನು ಒತ್ತಿ 12 ಅಂಕಿಯ ಉಲ್ಲೇಖ ಸಂಖ್ಯೆ ಬರೆದುಕೊಂಡು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಆನ್‌ಲೈನ್ ದೂರಿಗೆ ಅಲ್ಲಿಯೂ ಒಟಿಪಿ ಕೇಳುತ್ತದೆ. ಸಾಕಾದವರು ಚಂಡೀಗಢದ ದೂರು ಕೇಂದ್ರಕ್ಕೆ ಅಂಚೆಯಲ್ಲೇ ಬರೆಯಬಹುದು.

ಇಷ್ಟೆಲ್ಲ ಬಿಟ್ಟು ಒಂದನ್ನಾದರೂ ನಾಳೆಯೇ ಮಾಡಬಹುದು. ಒಟಿಪಿ ಮೆಸೇಜು ಇಂಗ್ಲಿಷಿನಲ್ಲಿ ಬರುತ್ತದೆ, ಎಷ್ಟೋ ಸಲ ಅಂಕಿ ಮೊದಲು, ಮೊತ್ತ ಆಮೇಲೆ. ಪರದೆಯ ಮೇಲೆ ಇಣುಕುವುದು ಮೊದಲ ಸಾಲು ಮಾತ್ರ, ಮಂದಿ ಅಂಕಿಯಷ್ಟೇ ನೋಡಿ ಹೇಳಿಬಿಡುತ್ತಾರೆ. ಕನ್ನಡದಲ್ಲಿ ಕಳಿಸಿ ಎಂದರೆ ಖರ್ಚಿನ ಮಾತು ಬರುತ್ತದೆ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ, ಅದರಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಸರಿ, ಎಣಿಸೋಣ. '₹48,000 ಹೋಗಲಿದೆ. ಯಾರಿಗೆ: ' ಎಂದು ಬರೆದು, ಹೆಸರಿಗೆ ಜಾಗ ಬಿಟ್ಟು, '. ಒಟಿಪಿ 482913.' ಎಂದು ಮುಗಿಸಿದರೆ 40 ಆಗುತ್ತದೆ. ಲಾರಿ ಮಾಲೀಕರ ಹೆಸರಿಗೆ ಇನ್ನೂ 30 ಉಳಿಯುತ್ತವೆ.